‘ಒಂದು ಫೆನ್’ ತಾಮ್ರದ ತೂಕವಲ್ಲ

ಹದಿನೇಳನೇ ಶತಮಾನದಲ್ಲಿ ಚೀನಾದ ಛಿಂಗ್ ಅರಸರ ವಿರುದ್ಧ ದಂಗೆಯೆದ್ದ ಸೇನಾಪತಿ ವೂ ಸಾನ್‌ಗುಯಿಯ ದೊಡ್ಡ ತಾಮ್ರದ ನಾಣ್ಯ ಹಿಡಿದು ಬರುವವರು ಬಹುಪಾಲು ಒಂದೇ ಮಾತು ಕೇಳುತ್ತಾರೆ: “ಹಿಂದೆ ‘ಯಿ ಫೆನ್’, ಅಂದ್ರೆ ಒಂದು ಫೆನ್ ಅಂತಿದೆ, ತೂಗಿದ್ರೆ ಹತ್ತು ಗ್ರಾಂ ದಾಟುತ್ತೆ. ನಕಲಿ ಅಲ್ವಾ ಸಾರ್?”

ಆ ಕಾರಣಕ್ಕಂತೂ ಅಲ್ಲ. ಚೀನಾದ ಹಳೆಯ ತೂಕದಲ್ಲಿ ಒಂದು ಲಿಯಾಂಗ್ ಅಂದರೆ ಸುಮಾರು 37 ಗ್ರಾಂ. ಅದರ ಹತ್ತನೇ ಒಂದು ಪಾಲು ಛಿಯೆನ್, ನೂರನೇ ಒಂದು ಪಾಲು ಫೆನ್, ಸಾವಿರನೇ ಒಂದು ಪಾಲು ಲಿ. ಹಾಗಾಗಿ ಒಂದು ಫೆನ್ ಅರ್ಧ ಗ್ರಾಮೂ ಇಲ್ಲ. ಅಷ್ಟು ತಾಮ್ರದಲ್ಲಿ ಇಂಥ ನಾಣ್ಯ ಹೊಯ್ಯುವುದಾದರೂ ಹೇಗೆ? ಅಲ್ಲಿ ಬರೆದಿರುವುದು ಬೆಳ್ಳಿಯ ತೂಕ: ಈ ಬಿಲ್ಲೆ ಒಂದು ಫೆನ್ ಬೆಳ್ಳಿಗೆ ಸಮ ಎಂಬ ಅಪ್ಪಣೆ. ಇಂಥ ನೂರು ಕೊಟ್ಟರೆ ಒಂದು ಲಿಯಾಂಗ್ ಬೆಳ್ಳಿ. ‘ಲಿ’ ಎಂದಿರುವ ಸಣ್ಣವಾದರೆ ಸಾವಿರ ಬೇಕು. ಫೂಜಿಯಾನ್‌ನಲ್ಲಿ ಜೊತೆಗೇ ದಂಗೆಯೆದ್ದ ಗೆಂಗ್ ಜಿಂಗ್‌ಜೊಂಗ್‌ನ ‘ಯೂಮಿನ್ ತೊಂಗ್‌ಬಾವ್’ ನಾಣ್ಯದ ಹಿಂಬದಿಯಲ್ಲಿ ‘ಯಿ ಛಿಯೆನ್’ ಇದ್ದರೆ ಹತ್ತೇ ಸಾಕು. ಈ ಪದ್ಧತಿ ದಂಗೆಕೋರರು ಕಂಡುಹಿಡಿದದ್ದೂ ಅಲ್ಲ. ಛಿಂಗ್ ಸರ್ಕಾರವೇ 1653ರಲ್ಲಿ ಚಕ್ರವರ್ತಿ ಶುನ್‌ಝಿಯ ನಾಣ್ಯದ ಮೇಲೆ ‘ಯಿ ಲಿ’ ಹಾಕಿತ್ತು.

ಇನ್ನೊಂದು ನಂಬಿಕೆ, ಅಲ್ಪಾಯುಷಿ ರಾಜ್ಯದ ನಾಣ್ಯವೆಂದರೆ ಅಪರೂಪ ಎಂಬುದು. 1673ರ ಕೊನೆಗೆ ನೈಋತ್ಯ ಚೀನಾದ ಯುನ್ನಾನ್‌ನಲ್ಲಿ ತಿರುಗಿಬಿದ್ದ ವೂ ಮೊದಲು ‘ಲಿಯೊಂಗ್’ ಎಂಬ ನಾಣ್ಯ ಹೊಯ್ಯಿಸಿದ. ಅದು ಯಾವ ಶಕೆಯ ಹೆಸರೂ ಅಲ್ಲ. 1678ರಲ್ಲಿ ಹೆಂಗ್‌ಝೌನಲ್ಲಿ ಚಕ್ರವರ್ತಿಯಾಗಿ ‘ಝಾವೂ’ ಶಕೆ ಸಾರಿ, ಆ ವರ್ಷ ಮುಗಿಯುವ ಮೊದಲೇ ತೀರಿಕೊಂಡ. ಮೊಮ್ಮಗನ ‘ಹೊಂಗ್‌ಹುವಾ’ 1681ರಲ್ಲಿ ಕುನ್‌ಮಿಂಗ್ ಬಿದ್ದಾಗ ಮುಗಿಯಿತು. ಆದರೆ ಯುನ್ನಾನ್ ತಾಮ್ರದ ನಾಡು. ಈ ಮೂರರ ಸಾಮಾನ್ಯ ನಮೂನೆಗಳು ಇಂದಿಗೂ ಧಾರಾಳವಾಗಿ ಸಿಗುತ್ತವೆ. ಬೆಲೆ ನಿಂತಿರುವುದು ಹಿಂಬದಿಯ ಅಕ್ಷರ, ಲಿಪಿಶೈಲಿ ಮತ್ತು ಗಾತ್ರದ ಮೇಲೆ.

ನಕಲಿಯ ಅನುಮಾನವಿದ್ದರೆ ತಕ್ಕಡಿ ಬದಿಗಿಟ್ಟು ಅಡ್ಡಳತೆ ನೋಡಿ. ಅಸಲಿಯನ್ನೇ ಮಾದರಿಯಾಗಿಟ್ಟು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ; 40 ಮಿ.ಮೀ.ನದು ಅರ್ಧ ಮಿ.ಮೀ.ನಷ್ಟು ಸಣ್ಣದಾಗುತ್ತದೆ, ಅಕ್ಷರದ ಬುಡ ಮೊಂಡಾಗುತ್ತದೆ. ಟಂಕಸಾಲೆಯಲ್ಲಿ ನಾಣ್ಯಗಳನ್ನು ನಡುವಿನ ಚೌಕ ತೂತಿನ ಮೂಲಕ ಚೌಕ ಸರಳಿಗೆ ಪೋಣಿಸಿ ಅಂಚಿಗೆ ಅರ ಹಾಕುತ್ತಿದ್ದರು. ಅಂಚಿನಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಹಾಗೇ ಉಳಿದಿದ್ದರೆ ಅನುಮಾನಪಡಿ. ಇವಿಷ್ಟರಿಂದಲೇ ಖಚಿತ ತೀರ್ಪು ಕೊಡಲಾಗದು, ಫೋಟೊ ನೋಡಿಯಂತೂ ಕೊಡಲೇಬಾರದು.

ಮತ್ತೆ, ತರುವ ಮೊದಲು ದಯವಿಟ್ಟು ಹುಣಸೆಹುಳಿ ಹಚ್ಚಿ ತಿಕ್ಕಬೇಡಿ. ಕಿಲುಬಿನ ಜೊತೆ ಎರಕದ ಮೇಲ್ಪದರವೂ ಹೋಗುತ್ತದೆ. ನಾವು ಭೂತಗನ್ನಡಿಯಲ್ಲಿ ಹುಡುಕುವುದು ಅದನ್ನೇ.