ಅಜಿತ್ರೊಮೈಸಿನ್ ಬರೀ ಕೆಮಿಕಲ್ಲೇ?

ಪ್ರಶ್ನೆ: ಆ್ಯಂಟಿಬಯೋಟಿಕ್ ಅಂದರೆ ಫ್ಯಾಕ್ಟರಿಯಲ್ಲಿ ಮಾಡಿದ ಕೆಮಿಕಲ್ ತಾನೇ? ಅದಕ್ಕೇ ಅಷ್ಟು ಉಷ್ಣವೇ? (ಉಡುಪಿಯ ಓದುಗರೊಬ್ಬರು)

ಮಳೆಗಾಲ ಹಿಡಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ಡಾಕ್ಟರು ಮೂರು ದಿನಕ್ಕೆ ಮೂರು ಅಜಿತ್ರೊಮೈಸಿನ್ ಬರೆದುಕೊಟ್ಟರೆ ಸಾಕು, ಮನೆಯಲ್ಲಿ ಒಬ್ಬರಾದರೂ "ಇಂಗ್ಲಿಷ್ ಮದ್ದು, ಪೂರಾ ಕೆಮಿಕಲ್" ಅನ್ನುತ್ತಾರೆ. ಎಷ್ಟು ಸಲ ಹೇಳಿದರೂ ಈ ಮಾತು ಹೋಗುವುದಿಲ್ಲ ಮಾರಾಯ್ರೆ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಸಿಪ್ರೊಫ್ಲಾಕ್ಸಸಿನ್‌ನಂಥವು ಪೂರ್ತಿ ಲ್ಯಾಬಿನಲ್ಲೇ ಹುಟ್ಟಿದವು, ಒಪ್ಪಿದೆ. ಅಜಿತ್ರೊಮೈಸಿನ್ ಹಾಗಲ್ಲ. ಅದರ ಮೂಲ ಎರಿತ್ರೊಮೈಸಿನ್ ಎಂಬ ಹಳೆಯ ಆ್ಯಂಟಿಬಯೋಟಿಕ್. ಅದನ್ನು ಮಾಡುವುದು ಸ್ಯಾಕರೊಪಾಲಿಸ್ಪೋರ ಎರಿತ್ರಿಯಾ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಕಂಪೆನಿಗಳು ಇವತ್ತಿಗೂ ಅದನ್ನು ಟ್ಯಾಂಕುಗಳಲ್ಲಿ ಬೆಳೆಸಿಯೇ ಮದ್ದು ತೆಗೆಯುತ್ತವೆ. ಮನುಷ್ಯರ ಕೈಲಿ ಆಗದೇ? ಆಗಿದೆ. ನೊಬೆಲ್ ಪಡೆದ ರಸಾಯನತಜ್ಞ ವುಡ್‌ವರ್ಡ್ ಅವರ ತಂಡ ಅದನ್ನು ಲ್ಯಾಬಿನಲ್ಲೇ ಕಟ್ಟಿತು. ವರದಿ ಪ್ರಕಟವಾದದ್ದು 1981ರಲ್ಲಿ, ಅವರು ತೀರಿಕೊಂಡ ಎರಡು ವರ್ಷಕ್ಕೆ. ಅಷ್ಟು ಉದ್ದದ ದಾರಿಯಲ್ಲಿ ಮಾತ್ರೆ ಮಾಡಿ ಮಾರಲು ಯಾರಿಗೂ ಕಟ್ಟುವುದಿಲ್ಲ.

ಇದೇ ಕೆಲಸಕ್ಕೆ ಬ್ಯಾಕ್ಟೀರಿಯಾದ ಬಳಿ ಇರುವುದು ಮೂರು ದೈತ್ಯ ಪ್ರೋಟೀನುಗಳು, ಒಂದೊಂದರಲ್ಲೂ 3,000ಕ್ಕಿಂತ ಹೆಚ್ಚು ಅಮೈನೋ ಆಮ್ಲ. ಶಂಕರಪುರದಲ್ಲಿ ಏಳು ಮಂದಿ ಸಾಲಾಗಿ ಕೂತು ಒಂದೇ ಮಲ್ಲಿಗೆ ಮಾಲೆ ಕಟ್ಟುತ್ತಿದ್ದಾರೆ ಅಂದುಕೊಳ್ಳಿ. ಮೊದಲನೆಯವರು ಒಂದು ಮೊಗ್ಗಿನಿಂದ ಶುರುಮಾಡುತ್ತಾರೆ, ಉಳಿದ ಆರು ಮಂದಿ ತಲಾ ಒಂದೊಂದು ಕಟ್ಟಿ ಪಕ್ಕದವರಿಗೆ ದಾಟಿಸುತ್ತಾರೆ. ಕಡೆಗೆ ಥಯೊಎಸ್ಟರೇಸ್ ಎಂಬ ಭಾಗ ಎರಡೂ ತುದಿ ಸೇರಿಸಿ 14 ಪರಮಾಣುಗಳ ಉಂಗುರ ಮಾಡುತ್ತದೆ.

ಈ ಆರು ಮಂದಿಯಲ್ಲಿ ಒಬ್ಬೊಬ್ಬರೂ ಒಂದೊಂದು ಮಾಡ್ಯೂಲ್, ಅಂದರೆ ಆ ಪ್ರೋಟೀನುಗಳ ಒಂದೊಂದು ಭಾಗ. ಅದರೊಳಗೆ ನಡೆಯುವುದೇ ನನಗೆ ಅತಿ ಇಷ್ಟದ ಭಾಗ. ಹಿಂದಿನಿಂದ ಬಂದ ಸರಪಳಿಯನ್ನು ಗಂಧಕದ ಒಂದು ಪರಮಾಣು ಹಿಡಿದುಕೊಂಡಿರುತ್ತದೆ. ಹೊಸ ತುಂಡು ಎಸಿಪಿ ಎಂಬ ಪುಟ್ಟ ಭಾಗದ ಬಳುಕುವ ತೋಳಿನ ತುದಿಯಲ್ಲಿ ಬರುತ್ತದೆ. ಅದರಿಂದ ಕಾರ್ಬನ್ ಡೈಆಕ್ಸೈಡ್ ಕಳಚಿ ಹೋಗುತ್ತದೆ. ಕಳಚಿದ ಜಾಗದ ಇಂಗಾಲ ಹೋಗಿ ಸರಪಳಿಯ ತುದಿಗೆ ಕೂಡಿಕೊಳ್ಳುತ್ತದೆ. ಆಗ ಅಲ್ಲಿ ಉಳಿಯುವುದು ಕೀಟೋನ್, ಅಂದರೆ ಜೋಡಿ ಬಂಧದಲ್ಲಿ ಆಮ್ಲಜನಕ ಹಿಡಿದ ಇಂಗಾಲ. ಹೆಚ್ಚಿನ ಮಾಡ್ಯೂಲುಗಳು ಅದನ್ನು ಬದಲಾಯಿಸುತ್ತವೆ, ಮೂರನೆಯದು ಮಾತ್ರ ಹಾಗೇ ಬಿಡುತ್ತದೆ. ಕ್ರೊಯೇಷಿಯಾದ ಜಾಗ್ರೆಬ್‌ನ ರಸಾಯನತಜ್ಞರು ಸಾರಜನಕ ತೂರಿಸಿ ಉಂಗುರವನ್ನು 15 ಪರಮಾಣುಗಳದ್ದು ಮಾಡಿದ್ದು ಸರಿಯಾಗಿ ಅಲ್ಲೇ. ಅದೇ ನಿಮ್ಮ ಅಜಿತ್ರೊಮೈಸಿನ್. ಮನುಷ್ಯರು ಮಾಡಿದ್ದು ಕೊನೆಯ ತಿದ್ದುಪಡಿ ಅಷ್ಟೇ.

ಹಾಗಂತ ಮಣ್ಣಿನಿಂದ ಬಂದದ್ದು, ಏನೂ ಆಗದು ಅಂದುಕೊಳ್ಳಬೇಡಿ. ಎರಿತ್ರೊಮೈಸಿನ್ ಹೊಟ್ಟೆ ತೊಳಸುವುದು ಉಷ್ಣದಿಂದಲ್ಲ. ಮೊಟಿಲಿನ್ ಎಂಬ ಹಾರ್ಮೋನು ಕೂರುವ ಜಾಗದಲ್ಲಿ ಇದು ಕೂತು ಹೊಟ್ಟೆಯನ್ನೂ ಕರುಳನ್ನೂ ಹಿಂಡಿಸುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆ ಇನ್ನೂ ಇದೆ: ಈ ಮದ್ದಿಗೆ ಅದನ್ನು ಮಾಡಿದ ಬ್ಯಾಕ್ಟೀರಿಯಾವೇ ಯಾಕೆ ಸಾಯುವುದಿಲ್ಲ? ಮದ್ದು ಕೂರುವುದು ಪ್ರೋಟೀನು ತಯಾರಿಸುವ ಯಂತ್ರವಾದ ರೈಬೋಸೋಮಿನಲ್ಲಿ, ಹೊಸ ಪ್ರೋಟೀನು ಹೊರಬರುವ ಸುರಂಗದೊಳಗೆ. ಈ ಬ್ಯಾಕ್ಟೀರಿಯಾ ತನ್ನ ರೈಬೋಸೋಮಿನ ಆ ಜಾಗಕ್ಕೆ ಮೊದಲೇ ಮೀಥೈಲ್ ಎಂಬ ಪುಟ್ಟ ಪರಮಾಣು ಗುಂಪನ್ನು ಅಂಟಿಸಿಕೊಂಡಿರುತ್ತದೆ. ಮದ್ದಿಗೆ ಕೂರಲು ಎಡೆಯೇ ಸಿಗುವುದಿಲ್ಲ. ಹೀಗೆ ಮೀಥೈಲ್ ಅಂಟಿಸುವ ಬಗೆಯ ಜೀನು ಈಗ ರೋಗ ತರುವ ಸ್ಟ್ಯಾಫಿಲೊಕಾಕಸ್‌ಗಳಲ್ಲೂ ಇದೆ. ಅಂಥ ಸೋಂಕಿಗೆ ಅಜಿತ್ರೊಮೈಸಿನ್ ನುಂಗಿ ಪ್ರಯೋಜನವಿಲ್ಲ. ಡಾಕ್ಟರು ಕಲ್ಚರ್ ಟೆಸ್ಟ್ ಮಾಡಿಸಿ ಎನ್ನುವುದು ಇಂಥದ್ದನ್ನು ಪತ್ತೆಹಚ್ಚಲಿಕ್ಕೇ.