‘ನೀವು ದಯಮಾಡಿ ಬರ್ತೀರಾ?’: ಲೂರ್ದಿನ ಗವಿ ಹಾಸನಕ್ಕೆ ಬಂದ ಹಾದಿ

ದೊಡ್ಡಮ್ಮನ ಮನೆಯ ಪೀಠದ ಮೇಲೆ ಯೇಸುವಿನ ತಾಯಿ, ಮಾತೆ ಮರಿಯಮ್ಮನ ಆಕಾರದ ಒಂದು ಪ್ಲಾಸ್ಟಿಕ್ ಬಾಟಲಿ ಇತ್ತು. ತಲೆಯ ಮೇಲಿನ ನೀಲಿ ಕಿರೀಟವೇ ಅದರ ಮುಚ್ಚಳ. ಫ್ರಾನ್ಸಿನ ಲೂರ್ದಿಗೆ ಹೋಗಿದ್ದ ಸಿಸ್ಟರ್ ಒಬ್ಬರು ತಂದುಕೊಟ್ಟ ನೀರು ಅದರಲ್ಲಿ ಅರ್ಧದಷ್ಟಿತ್ತು. ನಮಗೆ ಜ್ವರ ಬಂದರೆ ಹಣೆಗೆ ಒಂದೇ ಹನಿ ಹಚ್ಚಿ, ಮುಚ್ಚಳ ಬಿಗಿ ಮಾಡಿ ಮತ್ತೆ ಅಲ್ಲೇ ಇಡುತ್ತಿದ್ದರು. ಆಮೇಲೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗುತ್ತಿದ್ದರು.

ಹಾಸನ, ಚಿಕ್ಕಮಗಳೂರು ಕಡೆಯ ಚರ್ಚುಗಳ ಆವರಣದಲ್ಲಿ ಕಲ್ಲು ಜೋಡಿಸಿ ಕಟ್ಟಿದ ಗವಿಗಳನ್ನು ನೀವು ನೋಡಿರಬಹುದು. ಒಳಗೆ ಬಿಳಿ ನಿಲುವಂಗಿಯ ಮಾತೆ, ಸೊಂಟಕ್ಕೆ ನೀಲಿ ಪಟ್ಟಿ, ಕೈಯಲ್ಲಿ ಜಪಸರ. ಮುಂದೆ ಮೇಣದಬತ್ತಿಯ ಮಸಿ. ಹರಕೆ ಹೊತ್ತವರಲ್ಲಿ ಬೇರೆ ಧರ್ಮದವರೂ ಇರುತ್ತಾರೆ. ಇಷ್ಟಕ್ಕೂ ಎಲ್ಲಿಯದು ಈ ಗವಿ?

ಲೂರ್ದು ಫ್ರಾನ್ಸಿನ ದಕ್ಷಿಣ ಅಂಚಿನ ಊರು, ಪಿರನೀಸ್ ಬೆಟ್ಟಗಳ ಬುಡದಲ್ಲಿದೆ. 1858ರ ಫೆಬ್ರವರಿ 11ರಂದು 14 ವರ್ಷದ ಬರ್ನಡೆಟ್ ಸುಬಿರು ತಂಗಿ ಮತ್ತು ಗೆಳತಿಯ ಜೊತೆ ಸೌದೆ ಆಯಲು ಹೋದಳು. ಅಪ್ಪನ ಹಿಟ್ಟಿನ ಗಿರಣಿ ಕೈಬಿಟ್ಟು ಹೋಗಿತ್ತು. ಹಿಂದೆ ಜೈಲಾಗಿದ್ದ ಒಂದೇ ಕೋಣೆಯಲ್ಲಿ ಇಡೀ ಮನೆಯವರ ವಾಸ. ಹುಡುಗಿಗೆ ಉಬ್ಬಸ ಬೇರೆ. ನದಿ ದಡದ ಮಸಾಬಿಯೆಲ್ ಬಂಡೆಯ ಹತ್ತಿರ ಗಾಳಿ ಬೀಸಿದ ಸದ್ದು ಕೇಳಿತು, ಮರಗಳು ಮಾತ್ರ ಅಲುಗಲಿಲ್ಲ. ಬಂಡೆಯ ಗೂಡಿನಲ್ಲಿ ಬಿಳಿ ಬಟ್ಟೆಯ ಒಬ್ಬಳು ನಿಂತಿದ್ದಳು. ಬರ್ನಡೆಟ್ ಜಪಸರ ತೆಗೆದು ‘ನಮೋ ಮರಿಯ’ ಪ್ರಾರ್ಥನೆ ಹೇಳತೊಡಗಿದಳು. ಗೂಡಿನಲ್ಲಿದ್ದ ಆಕೆಯ ಕೈಯಲ್ಲೂ ಮಣಿಗಳು ಸರಿಯುತ್ತಿದ್ದವು, ತುಟಿ ಮಾತ್ರ ಅಲುಗಲಿಲ್ಲ.

ಹೀಗೆ ಜುಲೈ 16ರವರೆಗೆ ಒಟ್ಟು 18 ದರ್ಶನಗಳಾದವು. ನನಗೆ ಬಹಳ ಇಷ್ಟವಾದದ್ದು ಮೂರನೆಯದು. ಅವತ್ತು ಆಕೆಯ ಹೆಸರು ಬರೆಸಿಕೊಳ್ಳಲು ಪೆನ್ನು, ಕಾಗದ ತಂದಿದ್ದರು. ನಾನು ಹೇಳುವುದನ್ನು ಬರೆದುಕೊಳ್ಳಬೇಕಿಲ್ಲ ಎಂದಳಂತೆ ಆಕೆ. ಆಮೇಲೆ ಕೇಳಿದ್ದು, ‘ನೀವು ದಯಮಾಡಿ ಹದಿನೈದು ದಿನ ಇಲ್ಲಿಗೆ ಬರ್ತೀರಾ?’ ಗಮನಿಸಿ, ‘ನೀನು’ ಅಲ್ಲ, ‘ನೀವು’. ಮಾತು ಫ್ರೆಂಚ್ ಕೂಡ ಅಲ್ಲ, ಆ ಸೀಮೆಯ ಆಡುಮಾತು. ಜೈಲು ಕೋಣೆಯ ಹುಡುಗಿಯನ್ನು ಅದುವರೆಗೆ ಯಾರು ‘ನೀವು’ ಅಂದಿದ್ದರು? ಒಬ್ಬ ಮನುಷ್ಯರು ಇನ್ನೊಬ್ಬ ಮನುಷ್ಯರ ಜೊತೆ ಮಾತಾಡುವ ಹಾಗೆ ನನ್ನನ್ನು ನೋಡಿದಳು ಎಂದು ಅವಳು ನಂತರ ಹೇಳಿಕೊಂಡಳು. ಈ ಒಂದು ಮರ್ಯಾದೆಯ ಬೆಲೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಫೆಬ್ರವರಿ 25ರಂದು ಆಕೆ ತೋರಿಸಿದ ಕಡೆ ಬರ್ನಡೆಟ್ ಮಣ್ಣು ಕೆದಕಿ ಕೆಸರು ನೀರು ಕುಡಿದಳು. ನೋಡಿದವರು ಹುಚ್ಚು ಹಿಡಿದಿದೆ ಅಂದುಕೊಂಡರು. ಅದೇ ಜಾಗದ ಒರತೆ ತಿಳಿಯಾಗಿ ಇವತ್ತಿಗೂ ಹರಿಯುತ್ತಿದೆ. ದೊಡ್ಡಮ್ಮನ ಬಾಟಲಿಯ ನೀರು ಆ ಒರತೆಯದೇ. ಮಾರ್ಚ್ 25ರಂದು ಆಕೆ ತನ್ನ ಹೆಸರು ಹೇಳಿದಳು: ನಾನು ಅಮಲೋದ್ಭವಿ. ಮರಿಯಮ್ಮ ಹುಟ್ಟುಪಾಪವಿಲ್ಲದೆ ಗರ್ಭದಲ್ಲಿ ಮೂಡಿದವಳು ಎಂಬ ಬೋಧನೆಯನ್ನು ಪೋಪ್ 9ನೇ ಪಯಸ್ ವಿಶ್ವಾಸದ ಸತ್ಯವೆಂದು ಸಾರಿದ್ದು 1854ರಲ್ಲಿ, ಅಂದರೆ ಬರೀ ನಾಲ್ಕು ವರ್ಷದ ಹಿಂದೆ. ಓದು ಬಾರದ ಹುಡುಗಿಗೆ ಆ ಪದದ ಅರ್ಥ ಗೊತ್ತಿರಲಿಲ್ಲ. ಮರೆತುಹೋಗಬಾರದು ಅಂತ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ಹೋಗಿ ಊರ ಚರ್ಚಿನ ಫಾದರ್ ಪೆರಮಾಲ್ ಅವರಿಗೆ ಒಪ್ಪಿಸಿದಳು. ಅದುವರೆಗೆ ನಂಬದೆ ಗದರುತ್ತಿದ್ದ ಅವರು ದಂಗಾದರು.

ಕಥೋಲಿಕ ಧರ್ಮಸಭೆ ಆತುರಪಡಲಿಲ್ಲ. ಸರ್ಕಾರದವರು ಗವಿಗೆ ಬೇಲಿ ಹಾಕಿಸಿದ್ದೂ ಆಯಿತು, ತೆಗೆಸಿದ್ದೂ ಆಯಿತು. ಧರ್ಮಾಧ್ಯಕ್ಷರು (ಬಿಷಪ್) ವಿಚಾರಣೆ ನಡೆಸಿ ಈ ದರ್ಶನ ನಂಬಲು ಯೋಗ್ಯ ಎಂದದ್ದು 1862ರ ಜನವರಿ 18ರಂದು. ನಂಬಲೇಬೇಕು ಎಂಬ ಕಟ್ಟುಪಾಡು ಆಗಲೂ ಇರಲಿಲ್ಲ, ಈಗಲೂ ಇಲ್ಲ. ವಾಸಿಯಾಯಿತು ಎಂದು ದಾಖಲಾದ 7000ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಪವಾಡವೆಂದು ಒಪ್ಪಿದ್ದು 70ರ ಆಸುಪಾಸು ಮಾತ್ರ. ಬರ್ನಡೆಟ್ ಸಿಸ್ಟರ್ ಆದಳು. ಆ ಒರತೆ ನನಗಲ್ಲ ಎನ್ನುತ್ತಿದ್ದಳು. 35ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡಳು. 1933ರಲ್ಲಿ ಆಕೆಯನ್ನು ಸಂತಳೆಂದು ಸಾರಲಾಯಿತು.

ಇನ್ನು ಹಾಸನದ ಕಡೆ ಬರೋಣ. ಆಗ ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದವರು ಹೊರದೇಶಗಳಿಗೆ ಪಾದ್ರಿಗಳನ್ನು ಕಳಿಸುವ ಪ್ಯಾರಿಸ್ ಫಾರಿನ್ ಮಿಷನ್ನಿನ ಫ್ರೆಂಚ್ ಫಾದರ್‌ಗಳು. ಇಲ್ಲಿಯವರಂತೆಯೇ ಉಟ್ಟು, ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದ ಅಬ್ಬೆ ದುಬುವಾ ಆ ಪರಂಪರೆಯವರೇ. ಲೂರ್ದಿನ ದರ್ಶನಗಳು ನಡೆದ ಹೊತ್ತಿನಲ್ಲೇ, 1860ರ ಸುಮಾರಿಗೆ, ಹೇಮಾವತಿ ದಡದ ಶೆಟ್ಟಿಹಳ್ಳಿಯಲ್ಲಿ ಅವರು ಜಪಸರ ಮಾತೆಯ ಚರ್ಚು ಎಬ್ಬಿಸಿದರು. ತಮ್ಮೂರಿನ ಸುದ್ದಿ, ತಮ್ಮೂರಿನ ಗವಿ ಅವರ ಜೊತೆ ಬಾರದೆ ಇರುತ್ತದೆಯೇ? ಮುಂದೆ ಕಾಫಿ ತೋಟಗಳಿಗೆ ಬಂದ ತಮಿಳರು ವೇಳಾಂಗಣ್ಣಿಯ ಆರೋಗ್ಯ ಮಾತೆಯನ್ನು ತಂದರು, ಮಂಗಳೂರು ಕಡೆಯ ಕೊಂಕಣಿಗರು ಸೆಪ್ಟೆಂಬರ್ 8ರ ತೆನೆಹಬ್ಬ ತಂದರು. ಆ ಕಥೆಗಳೇ ಬೇರೆ.

ಭಕ್ತಿ ಇಲ್ಲಿ ಬೇರೂರಿದ್ದು ಭಾಷೆಯಿಂದ ಅಂತ ನನಗನಿಸುತ್ತದೆ. 1960ರ ದಶಕದವರೆಗೆ ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಆರಾಧನೆ, ನಡೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಹಿಂದೆ ನಿಂತ ರೈತರಿಗೆ ಅದೆಷ್ಟು ತಿಳಿಯುತ್ತಿತ್ತೋ! ಗವಿಯ ಮುಂದೆ, ಮನೆಯ ಪೀಠದ ಮುಂದೆ ಹೇಳುವ ಜಪಸರದ ಪ್ರಾರ್ಥನೆ ಮಾತ್ರ ಕನ್ನಡದ್ದು. ಲೂರ್ದಿನ ಹುಡುಗಿಗೂ ಕೇಳಿಸಿದ್ದು ಅವಳ ಮನೆಮಾತೇ.

ದೊಡ್ಡಮ್ಮ ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ. ಗೊರೂರು ಅಣೆಕಟ್ಟಿನ ನೀರು ಏರಿತು, ಊರು ಎದ್ದುಹೋಯಿತು. ಮಳೆಗಾಲದಲ್ಲಿ ಚರ್ಚಿನ ಗೋಡೆಗಳು ಈಗಲೂ ಅರ್ಧ ಮುಳುಗುತ್ತವೆ. ಆಕೆ ಹಾಸನದ ಗವಿಯೊಂದರ ಮುಂದೆ ಮಂಡಿಯೂರಿ ಜಪಸರ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತಿದ್ದರು. ಏನು ಕೇಳ್ಕೊಂಡ್ರಿ ಅಂದರೆ ಹೇಳುತ್ತಿರಲಿಲ್ಲ. ಒಮ್ಮೆ ಹಿಂದೆ ನಿಂತಿದ್ದ ನನಗೆ ಕೊನೆಯ ಮಾತು ಮಾತ್ರ ಕೇಳಿಸಿತು: ‘ನೀನೇ ನೋಡ್ಕೊಳವ್ವ.’