ಅಣಬೆ ತಿಂದದ್ದು ಎಷ್ಟು ಹೊತ್ತಿಗೆ?

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಮೂಡಿಗೆರೆ ಕಡೆ ಮನೆಮನೆಯಲ್ಲೂ ಅಣಬೆಯದೇ ಮಾತು. ನನಗೂ ಹುತ್ತದ ಅಣಬೆ ಸಾರು ಅಂದರೆ ಪ್ರಾಣ. ಆದರೆ ಆ ದಿನಗಳಲ್ಲಿ ವಾಂತಿ-ಭೇದಿ ಅಂತ ಬಂದವರನ್ನೆಲ್ಲ ನಾನು ಮೊದಲು ಕೇಳುವುದು ಇದನ್ನೇ: ಅಣಬೆ ತಿಂದಿರಾ? ಎಷ್ಟು ಹೊತ್ತಿಗೆ? ವಾಂತಿ ಶುರುವಾದದ್ದು ಯಾವಾಗ?

ತಿಂದ ಒಂದೆರಡು ಗಂಟೆಯಲ್ಲೇ ಹೊಟ್ಟೆ ತೊಳಸಿದರೆ ಸಾಮಾನ್ಯವಾಗಿ ಡ್ರಿಪ್ ಹಾಕಿ ಸುಧಾರಿಸಬಹುದು. ಬೆವರು, ಜೊಲ್ಲು ಸುರಿದು ನಾಡಿ ನಿಧಾನವಾದರೆ ಅಟ್ರೋಪಿನ್ ಕೊಡಬೇಕಾಗುತ್ತದೆ. ನನ್ನ ಎದೆ ಧಸಕ್ಕೆನ್ನುವುದು ‘ರಾತ್ರಿ ಉಂಡ್ವಿ, ಬೆಳಗ್ಗೆ ಶುರುವಾಯ್ತು’ ಎಂದಾಗ. 6 ಗಂಟೆ ದಾಟಿ ಶುರುವಾದರೆ ಲಿವರ್ ಕೊಲ್ಲುವ ಅಮಾಟಾಕ್ಸಿನ್ ವಿಷವೆಂದೇ ಹಿಡಿದು ನಡೆಯಬೇಕು. ಎರಡು ಮೂರು ಬಗೆ ಬೆರೆಸಿ ತಿಂದಿದ್ದರಂತೂ ಬೇಗ ವಾಂತಿಯಾಯಿತೆಂದು ನಿರಾಳವಾಗುವಂತಿಲ್ಲ.

ಕೆಲ ವರ್ಷಗಳ ಹಿಂದೆ ತೋಟದ ಲೈನ್‌ಮನೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಬೇರೆ ಕಡೆ ಡ್ರಿಪ್ ಹಾಕಿಸಿ, ವಾಂತಿ ನಿಂತಿತೆಂದು ಎರಡನೇ ದಿನ ಮನೆಗೆ ಕಳಿಸಿದ್ದರು. ಗಂಜಿ ಕುಡಿದು ಕೆಲಸಕ್ಕೂ ಹೋಗಿದ್ದಳಂತೆ. ನಾಲ್ಕನೇ ದಿನ ನನ್ನೆದುರು ಕೂತು, ‘ವಾಂತಿ ಇಲ್ಲ ಡಾಕ್ಟ್ರೇ, ಸುಸ್ತು ಅಷ್ಟೇ’ ಅಂದಳು. ಕೆಳರೆಪ್ಪೆ ಎಳೆದು ನೋಡಿದರೆ ಕಣ್ಣು ಅರಿಸಿನ. ರಕ್ತ ತೆಗೆದ ಜಾಗಕ್ಕೆ ಒತ್ತಿದ ಹತ್ತಿ ಹತ್ತು ನಿಮಿಷವಾದರೂ ಕೆಂಪಾಗುತ್ತಲೇ ಇತ್ತು. ಬೆಂಗಳೂರಿಗೆ ಕಳಿಸಿದೆವು, ಉಳಿಯಲಿಲ್ಲ. ನಡುವೆ ಬರುವ ಆ ಒಂದು ದಿನದ ಬಿಡುವು ಈ ವಿಷದ್ದೇ ಗುಣ. ಹೊಟ್ಟೆ ತಣ್ಣಗಿರುತ್ತದೆ, ಒಳಗೆ ಲಿವರ್ ಸಾಯುತ್ತಿರುತ್ತದೆ.

ಇದಕ್ಕೆ ಹಾವಿನ ವಿಷಕ್ಕಿರುವಂಥ ಪ್ರತಿವಿಷ ಇಲ್ಲ. ಬೇಗ ಬಂದರೆ ವಿಷ ಹೀರುವ ಇದ್ದಿಲಪುಡಿ (ಆಕ್ಟಿವೇಟೆಡ್ ಚಾರ್ಕೋಲ್), ಸಾಕಷ್ಟು ಡ್ರಿಪ್, ಲಿವರ್ ಕಾಯಲು ಎನ್-ಅಸಿಟೈಲ್‌ಸಿಸ್ಟೀನ್, ಸಿಕ್ಕರೆ ಸಿಲಿಬಿನಿನ್. ಲಿವರ್ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮತ್ತೆ ಮತ್ತೆ. ಕೈಮೀರಿದರೆ ಲಿವರ್ ಕಸಿಯೊಂದೇ ದಾರಿ.

ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಹುಳ ತಿಂದಿತ್ತು, ಅರಿಸಿನ ಹಾಕಿ ಬೇಯಿಸಿದೆವು... ಇವು ಯಾವುವನ್ನೂ ದಯವಿಟ್ಟು ನಂಬಬೇಡಿ. ಬೇಯಿಸಿದರೂ ಒಣಗಿಸಿದರೂ ಅಮಾಟಾಕ್ಸಿನ್ ಹೋಗುವುದಿಲ್ಲ. ಹುತ್ತದ ಅಣಬೆಯ ದಂಟು ಬೇರಿನಂತೆ ಮಣ್ಣಿನಾಳಕ್ಕೆ ಇಳಿದಿರುತ್ತದೆ. ಈ ವಿಷದ ಅಣಬೆಗಳಲ್ಲಿ ಹೆಚ್ಚು ಕೊಲ್ಲುವ ಜಾತಿಗಳ ಬುಡದಲ್ಲಿ ಬಟ್ಟಲಿನಂಥ ಬಿಳಿ ಚೀಲ. ದಂಟು ಚಿವುಟಿ ತಂದರೆ ಆ ಗುರುತು ಮಣ್ಣಲ್ಲೇ ಉಳಿದುಬಿಡುತ್ತದೆ. ತೋಟಗಳಿಗೆ ಈಗ ಅಸ್ಸಾಂ ಕಡೆಯಿಂದಲೂ ಜನ ಬರುತ್ತಾರೆ; ತಮ್ಮೂರಲ್ಲಿ ತಿನ್ನುತ್ತಿದ್ದ ಅಣಬೆಯನ್ನೇ ಹೋಲುವುದು ಇಲ್ಲಿ ಬೇರೆಯದೇ ಆಗಿರಬಹುದು. ಅವರಿಗೂ ಇದನ್ನು ಹೇಳಿ.

ಆಸ್ಪತ್ರೆಗೆ ಬರುವಾಗ ಉಳಿದ ಅಣಬೆಯನ್ನು ಬುಡಸಮೇತ ಪೇಪರಿನಲ್ಲಿ ಸುತ್ತಿ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಕೊಳೆತುಹೋಗುತ್ತದೆ. ಒಂದೇ ಪಾತ್ರೆಯಿಂದ ಉಂಡವರೆಲ್ಲರನ್ನೂ, ಏನೂ ಆಗಿಲ್ಲ ಅನ್ನುವ ಮಗುವನ್ನೂ, ಅದೇ ಜೀಪಿನಲ್ಲಿ ಕರೆತನ್ನಿ.